ವಿಳಂಬಕ್ಕೆ ಕಾರಣ

ಡ್ಯಾಂಡಿನಾಂಗ್, ಮೆಲ್ಬರ್ನ್
೧೧ ಆಗಸ್ಟ್ ೨೦೨೩, ಶುಕ್ರವಾರ

ಪ್ರೀತಿಯ ಅಮ್ಮಾ,

ಮೊದಲು ನಿನ್ನ ಮಂಡಿಯ ಸಮಾಚಾರ ಹೇಳು. ಎಡಗಾಲಿನದು ಕಡಿಮೆಯಾಯಿತೆಂದು ನೀನು ಫೋನಿನಲ್ಲಿ ಹೇಳುತ್ತೀಯ. ಆದರೆ ಹಾಗೆ ಹೇಳುವಾಗಲೇ ಕೂತಲ್ಲಿಂದ ಎದ್ದು ಒಂದು ಸಲ ನರಳುವುದೂ ನನಗೆ ಕೇಳಿಸುತ್ತದೆ. ರಕ್ತದೊತ್ತಡದ ಮಾತ್ರೆ ತಪ್ಪಿಸುತ್ತಿಲ್ಲ ತಾನೆ? ಅದನ್ನು ಊಟಕ್ಕೆ ಮುಂಚೆ ತೆಗೆದುಕೊಳ್ಳಬೇಕೋ ಆಮೇಲೋ ಎಂದು ನೀನೂ ಜೇವರ್ ಅತ್ತಿಗೆಯೂ ಇನ್ನೂ ಜಗಳವಾಡುತ್ತಿದ್ದರೆ ಅತ್ತಿಗೆ ಹೇಳಿದ್ದೇ ಸರಿ. ಚೀಟಿ ಓದಿದವರು ಅವರು. ನಮ್ಮ ಮರಿಯಾಬಾದಿನ ಕೇರಿಗೆ ನೀರಿನ ಟ್ಯಾಂಕರ್ ಈಗಲಾದರೂ ಸರಿಯಾಗಿ ಬರುತ್ತಿದೆಯೇ? ಕ್ವೆಟ್ಟಾದಲ್ಲಿ ಈಗ ಸೆಖೆ, ಇಲ್ಲಿ ಚಳಿ. ನಾನು ಚೆನ್ನಾಗಿದ್ದೇನೆ. ಕೋಳಿ ಕಾರ್ಖಾನೆಯಲ್ಲಿ ನನ್ನನ್ನು ತಣ್ಣನೆಯ ಕೋಣೆಯಿಂದ ಪ್ಯಾಕಿಂಗ್ ಕಡೆಗೆ ಹಾಕಿದ್ದಾರೆ, ಬೆರಳುಗಳ ಬಿರುಕು ಕೂಡಿಕೊಂಡಿದೆ. ನನ್ನ ಜೊತೆ ಕೋಣೆಯಲ್ಲಿರುವ ಬೋಸ್ತಾನ್ ವಾರಕ್ಕೆರಡು ಸಲ ಆಶ್ ಮಾಡುತ್ತಾನೆ. ಶಾವಿಗೆ ಬೆಂದು ಅಂಟಾಗಿ, ಚಮಚ ನಿಲ್ಲಿಸಿದರೆ ನಿಂತೇ ಇರುತ್ತದೆ. ಆದರೂ ತಿನ್ನುತ್ತೇನೆ. ನಾನು ತಟ್ಟೆ ಖಾಲಿ ಮಾಡುವವರೆಗೆ ಅವನು ಎದುರಿಗೇ ಕೂತಿರುತ್ತಾನೆ.

ಇದನ್ನೆಲ್ಲ ಶುಕ್ರವಾರದ ಫೋನಿನಲ್ಲೇ ಹೇಳಬಹುದಿತ್ತಲ್ಲ, ಕಾಗದ ಯಾಕೆ ಎಂದು ನೀನು ಕೇಳುತ್ತೀಯ. ಅತ್ತಿಗೇ, ಓದುತ್ತಿರುವವರು ನೀವೇ ಎಂದು ಗೊತ್ತು. ದಯವಿಟ್ಟು ಇಲ್ಲಿ ಸ್ವಲ್ಪ ನಿಲ್ಲಿಸಿ. ಅಮ್ಮನನ್ನು ಗೋಡೆಗೆ ಒರಗಿಸಿ ಕೂರಿಸಿ, ಪಕ್ಕದಲ್ಲಿ ನೀರಿಟ್ಟುಕೊಳ್ಳಿ. ನೀವೂ ಕುಳಿತುಕೊಳ್ಳಿ. ಮುಂದೆ ಬರೆದಿರುವುದರಲ್ಲಿ ಒಂದು ಸಾಲನ್ನೂ ಬಿಟ್ಟು ಓದಬೇಡಿ, ಒಳ್ಳೆಯ ಮಾತನ್ನು ಸೇರಿಸಿಯೂ ಓದಬೇಡಿ. ನೀವು ಹಾಗೆ ಮಾಡಬಲ್ಲವರೆಂದು ನನಗೆ ಗೊತ್ತು.

ಅಮ್ಮಾ, ಲಾಲಾ, ನಿನ್ನ ದೊಡ್ಡ ಮಗ, ಇನ್ನಿಲ್ಲವೆಂಬುದು ನನಗೆ ಗೊತ್ತಾಗಿದೆ. ನೀನು ಹೇಳುವ ಮಸ್ಕತ್‌ನಲ್ಲಿ ಅವನಿಲ್ಲ, ಯಾವ ಹಡಗಿನಲ್ಲೂ ಇಲ್ಲ. ಎರಡೂಮುಕ್ಕಾಲು ವರ್ಷದಿಂದ ನಮ್ಮ ಗುಡ್ಡದ ಸ್ಮಶಾನದಲ್ಲಿದ್ದಾನೆ. ಕರಾಚಿಯಲ್ಲಿ ಅಂಗಡಿಯ ಶಟರ್ ಎಳೆಯುತ್ತಿದ್ದಾಗ ಮೋಟಾರ್ ಸೈಕಲ್ಲಿನಲ್ಲಿ ಬಂದ ಇಬ್ಬರು ಅವನ ಮುಖ ನೋಡಿದರು, ನಮ್ಮ ಹಜಾರಾ ಕುಲದವನೆಂದು ತಿಳಿದು ಗುಂಡು ಹಾರಿಸಲು ಅಷ್ಟೇ ಸಾಕಾಯಿತು. ನೀನು ಅವನನ್ನು ಊರಿಗೆ ತರಿಸಿಕೊಂಡೆ, ಮಣ್ಣು ಮಾಡಿಸಿದೆ, ಮಾರನೆಯ ದಿನ ಶುಕ್ರವಾರವಾಗಿತ್ತು. ನಾನು ಎಂದಿನಂತೆ ಫೋನು ಮಾಡಿದೆ. ಮನೆಯಲ್ಲಿ ಜನರ ಗದ್ದಲ ಕೇಳಿಸಿ ಯಾರು ಬಂದಿದ್ದಾರೆ ಎಂದು ಕೇಳಿದೆ. ಪಕ್ಕದ ಮನೆಯವರ ಹುಡುಗಿಯ ನಿಶ್ಚಿತಾರ್ಥ, ಅಡಿಗೆ ನಮ್ಮ ಅಂಗಳದಲ್ಲೇ ನಡೆದಿದೆ ಎಂದೆ ನೀನು. ಆ ಮಾತನ್ನು ಆ ದಿನ ನಿನ್ನ ನಾಲಿಗೆ ಹೇಗೆ ಆಡಿತು ಎಂದು ಈ ಐದು ತಿಂಗಳಿಂದ ಯೋಚಿಸುತ್ತಿದ್ದೇನೆ.

ಯಾರು ಹೇಳಿದರೆಂದು ಕೋಪಿಸಿಕೊಳ್ಳಬೇಡ. ಅವರು ಬೇಕೆಂದು ಹೇಳಲಿಲ್ಲ. ಮಾರ್ಚ್ ಹತ್ತನೇ ತಾರೀಕು ಇಲ್ಲಿಯ ಮಸೀದಿಯಲ್ಲಿ ಯಾರದೋ ತೀರಿಕೊಂಡ ತಂದೆಗಾಗಿ ಫಾತಿಹಾ ಪ್ರಾರ್ಥನೆ ಇತ್ತು. ಖರ್ಜೂರದ ತಟ್ಟೆ ಹಿಡಿದು ಎಲ್ಲರ ಮುಂದೆ ಹೋಗುತ್ತಿದ್ದೆ. ಕೊರೋನಾ ಕಾಲದಲ್ಲಿ ಕ್ವೆಟ್ಟಾದಲ್ಲೇ ಸಿಕ್ಕಿಬಿದ್ದು ಒಂದು ವರ್ಷ ಅಲ್ಲೇ ಇದ್ದ ಹಾಜಿ ಸಫ್ದರ್ ನನ್ನ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು. "ನೀನು ಇವಜ್ ಅಲಿ ತಮ್ಮ ಅಲ್ವೇನೋ? ಅದೇ ಮೂಗು. ನಿಮ್ಮಣ್ಣನ ಮಣ್ಣಿಗೆ ನಾನೂ ಮೂರು ಹಿಡಿ ಹಾಕಿದ್ದೆ ಕಣಪ್ಪಾ. ಎಂಥಾ ಜನ ಸೇರಿತ್ತು ಅಂತೀಯ!" ಎಂದರು. ನನ್ನನ್ನು ಸಮಾಧಾನಪಡಿಸಲು, ಅಣ್ಣನಿಗೆ ಸಿಕ್ಕ ಗೌರವ ತಮ್ಮನಿಗೆ ತಿಳಿಯಲಿ ಎಂದು ಹೇಳಿದ ಮಾತು. ನಾನು ಅವರ ಮುಖವನ್ನೇ ನೋಡಿದೆ. ಅವರಿಗೆ ಆಗ ಅರ್ಥವಾಯಿತು. "ಅಯ್ಯೋ, ನಿಂಗೆ ಹೇಳಿಲ್ವಾ? ಯಾರೂ ಹೇಳಿಲ್ವಾ ಮಗನೇ? ಈ ಹಾಳು ನಾಲಿಗೆಗೆ ಬೆಂಕಿ ಬೀಳ" ಎಂದು ತಮ್ಮ ಬಾಯಿಗೆ ತಾವೇ ಹೊಡೆದುಕೊಂಡರು. ತಟ್ಟೆ ಕೈಯಿಂದ ಜಾರಲಿಲ್ಲ. ಎದ್ದು, ಉಳಿದ ಸಾಲಿನವರಿಗೂ ಖರ್ಜೂರ ಕೊಟ್ಟು ಮುಗಿಸಿದೆನಂತೆ. ನನಗೆ ನೆನಪಿಲ್ಲ, ಬೋಸ್ತಾನ್ ಹೇಳಿದ್ದು.

ನಿನ್ನ ಮೇಲೆ ನನಗೆ ಸಿಟ್ಟಿಲ್ಲ ಅಮ್ಮಾ. ದೂರದಲ್ಲಿ ಒಂಟಿಯಾಗಿರುವವನಿಗೆ ಸಾವಿನ ಸುದ್ದಿ ಹೇಳಬಾರದು, ಹೇಳಿದರೆ ಅವನ ಹೆಗಲು ಹಿಡಿಯಲು ಅಲ್ಲಿ ಯಾರಿದ್ದಾರೆ ಎಂದು ನಾವೆಲ್ಲ ನಡೆದುಕೊಂಡು ಬಂದಿದ್ದೇವೆ. ಅಪ್ಪ ತೀರಿಕೊಂಡಾಗ ಇರಾನಿನಲ್ಲಿದ್ದ ಚಿಕ್ಕಪ್ಪನಿಗೆ ಏಳು ತಿಂಗಳು ಹೇಳದಿದ್ದವರು ನಾವೇ. ಅಪ್ಪನ ಹೆಸರಿನಲ್ಲಿ ಅವರಿಗೆ ಕಾಗದ ಬರೆದವನು ನಾನೇ. ಸಾಹಿತ್ಯ ಓದುತ್ತಿದ್ದೇನೆಂದು ಆ ಕೆಲಸ ನನಗೆ ಬಿತ್ತು. ಚೆನ್ನಾಗಿ ಬರೆದಿದ್ದೀಯ ಎಂದು ಲಾಲಾ ನನ್ನ ಬೆನ್ನು ತಟ್ಟಿದ್ದ. ಹಾಗಾಗಿ ನೀನು ಮಾಡಿದ್ದು ನಾನು ಅರಿಯದ ವಿದ್ಯೆಯಲ್ಲ. ಆದರೂ ನಂಬಿದೆ. ನಂಬಲು ನನಗೆ ಇನ್ನೊಂದು ಕಾರಣವಿತ್ತು. ಸಾಯುವುದಕ್ಕೆ ಒಂದು ತಿಂಗಳು ಮುಂಚೆ ಲಾಲಾ ಫೋನಿನಲ್ಲಿ, "ಏನಯ್ಯಾ ಪಂಡಿತ, ಎಂ.ಎ. ಓದ್ಕೊಂಡು ಅಲ್ಲಿ ಕೋಳಿ ಪುಕ್ಕ ಕೀಳ್ತಿದ್ದೀಯಂತೆ! ಕೋಳಿಗೆ ಪದ್ಯ ಓದಿ ಹೇಳ್ತೀಯೋ ಇಲ್ವೋ?" ಎಂದು ನಕ್ಕಿದ್ದ. ಅವನು ಯಾವಾಗಲೂ ಹಾಗೇ ತಾನೆ. ನನಗೆ ಅಂದು ಯಾಕೋ ಚುಚ್ಚಿತು. ಫೋನು ಕಟ್ ಮಾಡಿದೆ. ಆಮೇಲೆ ಅವನು ಕರೆಯಲಿಲ್ಲ, ನಾನೂ ಕರೆಯಲಿಲ್ಲ. ದೊಡ್ಡವನು, ಅವನೇ ಮೊದಲು ಮಾತಾಡಲಿ ಎಂದು ಕಾದೆ. ಎರಡು ವರ್ಷದ ಮೇಲೆ ಕಾದೆ. ಫೋನು ಕಳುವಾಗಿದೆ ಎಂದು ನೀನು ಹೇಳಿದಾಗಲೂ, ಮಸ್ಕತ್‌ಗೆ ಹೋದ ಎಂದಾಗಲೂ, ಇವನ ಸಿಟ್ಟಿಗೆ ಅಮ್ಮ ತೇಪೆ ಹಚ್ಚುತ್ತಿದ್ದಾಳೆ ಎಂದಷ್ಟೇ ಅಂದುಕೊಂಡೆ.

ಈಗ ಕೋರ್ಟಿನ ವಿಷಯ ಹೇಳುತ್ತೇನೆ. ನಿನಗೆ ಇದುವರೆಗೆ ಎಲ್ಲ ಸರಿಯಾಗಿದೆ ಎಂದೇ ಹೇಳುತ್ತ ಬಂದಿದ್ದೇನೆ. ಸುಳ್ಳಿನಲ್ಲಿ ನಾನೂ ನಿನ್ನ ಮಗನೇ. ಊರಿಗೆ ಹಿಂತಿರುಗಿದರೆ ಜೀವಕ್ಕೆ ಅಪಾಯವಿದೆ, ರಕ್ಷಣೆಯ ವೀಸಾ ಕೊಡಿ ಎಂದು ನಾನು ಕೇಳಿದ್ದು ನಿನಗೆ ಗೊತ್ತು. ಕೊಡಲಿಲ್ಲ. ಅದರ ಮೇಲೆ ಪುನರ್ವಿಚಾರಣೆ ನಡೆಯಿತು, ಕೊರೋನಾ ಕಾಲವಾದ್ದರಿಂದ ಫೋನಿನಲ್ಲೇ. ಅಧಿಕಾರಿ ಸೌಜನ್ಯದ ಮನುಷ್ಯ. ನಿಮ್ಮ ಅಣ್ಣ ಎಲ್ಲಿದ್ದಾರೆ ಎಂದು ಕೇಳಿದರು. ಕರಾಚಿಯಲ್ಲಿ, ಬಟ್ಟೆ ಅಂಗಡಿ ಇದೆ ಎಂದೆ. ಅವರಿಗೆ ಅಲ್ಲಿ ಏನಾದರೂ ತೊಂದರೆಯಾಗಿದೆಯೇ ಎಂದರು. ಇಲ್ಲ, ಚೆನ್ನಾಗಿದ್ದಾನೆ, ಹೋದ ಶುಕ್ರವಾರವಷ್ಟೇ ಅಮ್ಮನ ಮೂಲಕ ಸಲಾಂ ಹೇಳಿ ಕಳಿಸಿದ್ದ ಎಂದೆ. ಆಗ ಅವನು ಮಣ್ಣಾಗಿ ಮೂರು ತಿಂಗಳಾಗಿತ್ತು. ತೀರ್ಪಿನ ಅರವತ್ತೊಂದನೇ ಪ್ಯಾರಾದಲ್ಲಿ ಅದು ಹಾಗೆಯೇ ಇದೆ: ಅರ್ಜಿದಾರನ ಅಣ್ಣ ಕರಾಚಿಯಲ್ಲಿ ಸುರಕ್ಷಿತವಾಗಿ ವಾಸಿಸುತ್ತಿದ್ದಾನೆಂದು ಅರ್ಜಿದಾರನೇ ಹೇಳಿದ್ದಾನೆ, ಕ್ವೆಟ್ಟಾ ಅಪಾಯಕಾರಿಯಾದರೆ ಇವನೂ ಅಣ್ಣನ ಬಳಿ ಹೋಗಿ ಇರಬಹುದು. ನಾನು ಇಷ್ಟು ವರ್ಷ ಏನೇನೋ ಬರೆದು ಹರಿದಿದ್ದೇನೆ ಅಮ್ಮಾ. ಅಚ್ಚಾಗಿ ಬಂದ ನನ್ನ ಮಾತು ಇದೊಂದೇ.

ಆ ತೀರ್ಪನ್ನು ಪ್ರಶ್ನಿಸಿ ಕೋರ್ಟಿಗೆ ಹೋದೆ. ಎರಡು ವರ್ಷ ಕಾಯಿಸಿ, ಈ ಮಾರ್ಚ್ ಎರಡರಂದು ನ್ಯಾಯಾಧೀಶರು ಅದರಲ್ಲಿ ಕಾನೂನಿನ ತಪ್ಪೇನೂ ಕಾಣುತ್ತಿಲ್ಲ ಎಂದರು. ಅದಕ್ಕೂ ಮೇಲಿನ ಕೋರ್ಟಿಗೆ ಹೋಗಲು ಇಪ್ಪತ್ತೆಂಟು ದಿನದ ಗಡುವು. ಎಂಟನೇ ದಿನ ಹಾಜಿ ಸಫ್ದರ್ ಆ ಮಾತು ಹೇಳಿದರು. ಮಿಕ್ಕ ಇಪ್ಪತ್ತು ದಿನ ಎಲ್ಲಿಗೆ ಹೋಯಿತೆಂದು ಕೇಳಿದರೆ, ಲಾಲಾನಿಗೆ ಹೋಯಿತು. ಕೋಣೆಯ ಮೂಲೆಯಲ್ಲಿ ಚಾಪೆ ಹಾಸಿಕೊಂಡು ಕೂತೆ. ಊರಿನವರೆಲ್ಲ ಬಂದು ಹೋದರು. ಎರಡೂ ಚಿಲ್ಲರೆ ವರ್ಷ ಹಳೆಯ ಸಾವಿಗೆ ಹೊಸದಾಗಿ ಅತ್ತರು, ಒಬ್ಬರೂ ನಗಲಿಲ್ಲ. ನಡುವೆ ರಂಜಾನ್ ಬಂತು. ಇಫ್ತಾರಿಗೆ ಯಾರಾದರೂ ಪಾತ್ರೆ ತಂದಿಟ್ಟು, ತಲೆ ಸವರಿ ಹೋಗುತ್ತಿದ್ದರು. ಬೋಸ್ತಾನ್ ನನ್ನ ಫೋನನ್ನು ತೆಗೆದಿಟ್ಟುಕೊಂಡ, ಬಾಗಿಲಿಗೆ ಬಂದ ಕಾಗದಗಳನ್ನು ಫ್ರಿಜ್ಜಿನ ಮೇಲೆ ಅಕ್ಕಿ ಡಬ್ಬಿಯ ಹಿಂದೆ ಇಟ್ಟ. ಸೂತಕದ ಮನೆಯಲ್ಲಿ ಕಾಗದ ಪತ್ರ ಮುಂದಿಡಬಾರದು ಎಂಬ ಮರ್ಯಾದೆ ಅವನದು. ನನಗೆ ಪುಕ್ಕಟೆ ಸಹಾಯ ಮಾಡುತ್ತಿರುವ ವಕೀಲೆ ಎಲೆನಿ ಗಡುವು ನೆನಪಿಸಲು ಮೂರು ಸಲ ಕರೆದರಂತೆ. ಇವನು ತನ್ನ ಹರಕು ಇಂಗ್ಲಿಷಿನಲ್ಲಿ, "ಮೇಡಂ, ಅವ್ನು ದುಃಖದಲ್ಲಿದ್ದಾನೆ. ನಲವತ್ತು ದಿನ ಆದ್ಮೇಲೆ ಮಾಡಿ, ಖಂಡಿತ ಮಾತಾಡ್ತಾನೆ" ಎಂದು ಹೇಳಿ ಫೋನಿಟ್ಟನಂತೆ. ನಲವತ್ತನೆಯ ದಿನ ಹಲ್ವ ಹಂಚಿದೆವು. ಮಾರನೆಯ ಬೆಳಿಗ್ಗೆ ಅವನೇ ನನ್ನ ಗಡ್ಡ ತೆಗೆಸಿ, ಸ್ನಾನ ಮಾಡಿಸಿ, ಕಾಗದದ ಕಟ್ಟನ್ನೂ ಫೋನನ್ನೂ ತಂದು ಮುಂದಿಟ್ಟು, "ಈಗ ನೋಡಪ್ಪ, ಒಂದೂ ಒಡೆದಿಲ್ಲ" ಎಂದ. ಎಷ್ಟು ಜೋಪಾನವಾಗಿ ಇಟ್ಟಿದ್ದ! ಗಡುವು ಮುಗಿದು ಇಪ್ಪತ್ತು ದಿನವಾಗಿತ್ತು. ಆ ವಿಷಯ ತಿಳಿದ ಮೇಲೆ ಅವನು ಎರಡು ದಿನ ಊಟ ಮಾಡಲಿಲ್ಲ. ನಾನೇ ಆಶ್ ಮಾಡಿ ಉಣಿಸಬೇಕಾಯಿತು.

ಗಡುವು ಮೀರಿದವನು ನೇರವಾಗಿ ಮೇಲ್ಮನವಿ ಹಾಕುವಂತಿಲ್ಲ. ಹಾಕಲು ಅನುಮತಿ ಕೊಡಿ ಎಂದು ಮೊದಲು ಕೇಳಬೇಕು. ಎಲೆನಿ ಓಡಾಡಿ ಆ ಅರ್ಜಿ ಹಾಕಿದರು. ಅದರಲ್ಲಿ ಒಂದು ಜಾಗವಿದೆ, 'ವಿಳಂಬಕ್ಕೆ ಕಾರಣ' ಎಂದು. ನಾಲ್ಕು ಗೆರೆ ಬಿಟ್ಟಿದ್ದಾರೆ. ನಾನು ಅರ್ಧ ದಿನ ಅದನ್ನೇ ನೋಡುತ್ತ ಕೂತಿದ್ದೆ. ಕೊನೆಗೆ, ನನ್ನ ಅಣ್ಣ ಸತ್ತದ್ದು ಆಗಷ್ಟೇ ಗೊತ್ತಾಯಿತು ಎಂದು ಬರೆದೆ. ಒಂದೂವರೆ ಗೆರೆಗೆ ಮುಗಿಯಿತು. ಅಣ್ಣ ಸತ್ತಿದ್ದಾನಲ್ಲ, ಇನ್ನಾದರೂ ಕರಾಚಿಗೆ ಹೋಗೆನ್ನಲಾರರು ಎಂದು ನಾನು ಅಂದುಕೊಂಡಿದ್ದೆ. ಹಾಗಲ್ಲವಂತೆ. ನನಗೆ ಅಪಾಯವಿದೆಯೋ ಇಲ್ಲವೋ ಎಂದು ಈ ಕೋರ್ಟು ನೋಡುವುದಿಲ್ಲ, ಹಿಂದಿನವರು ಕಾನೂನಿನ ಪ್ರಕಾರ ನಡೆದುಕೊಂಡರೋ ಇಲ್ಲವೋ ಎಂದಷ್ಟೇ ನೋಡುತ್ತದೆ. ಕರಾಚಿಯಲ್ಲಿ ಸತ್ತ ಹಜಾರಾಗಳ ಒಂದು ಪಟ್ಟಿಯನ್ನು ನಾವು ಪುನರ್ವಿಚಾರಣೆಗೆ ಕೊಟ್ಟಿದ್ದೆವು. ತೀರ್ಪಿನಲ್ಲಿ ಅದರ ಮಾತೇ ಇಲ್ಲ, ಅದನ್ನು ಓದದೆ ತೀರ್ಮಾನಿಸಿದ್ದು ತಪ್ಪು ಎನ್ನುವುದೊಂದೇ ನಮಗಿರುವ ಹಿಡಿ. ಹಿಡಿ ಗಟ್ಟಿಯಾಗಿದೆ ಎನ್ನುತ್ತಾರೆ ಎಲೆನಿ. ಆದರೆ ತಡವಾದದ್ದಕ್ಕೆ ಒಪ್ಪುವಂಥ ಕಾರಣ ಕೊಟ್ಟರೆ ಮಾತ್ರ ಅಲ್ಲಿಯವರೆಗೆ ಹೋಗುತ್ತೇವೆ. ಕೊಡದಿದ್ದರೆ ಬಾಗಿಲು ಅಲ್ಲಿಗೇ ಮುಚ್ಚಿತು. ಮುಚ್ಚಿದರೆ ನಾನು ಹೊರಡಬೇಕು. ವಿಮಾನ ಇಳಿಸುವುದೂ ಕರಾಚಿಯಲ್ಲೇ.

ಹೋದ ವಾರ ಗುರುವಾರ ಅದರ ವಿಚಾರಣೆಯಾಯಿತು. ಬೋಸ್ತಾನ್ ಇಸ್ತ್ರಿ ಮಾಡಿದ ತನ್ನ ಕೋಟನ್ನು ನನಗೆ ಹಾಕಿ ಕಳಿಸಿದ, ತೋಳು ಬೆರಳಿನವರೆಗೆ ಬರುತ್ತಿತ್ತು. ನ್ಯಾಯಾಧೀಶರು ನಿನ್ನ ವಯಸ್ಸಿನ ಹೆಂಗಸು. ನಲವತ್ತು ದಿನ ಸಹಿ ಹಾಕಬಾರದು ಎಂದು ನಿಮ್ಮ ಧರ್ಮದಲ್ಲಿ ನಿಯಮವಿದೆಯೇ ಎಂದು ಕೇಳಿದರು. ಇಲ್ಲ, ಯಾರೂ ಹಾಕಬೇಡವೆನ್ನಲಿಲ್ಲ, ನನಗೇ ಅದರ ನೆನಪಾಗಲಿಲ್ಲ ಎಂದೆ. ನಿಜ ಅದೇ ತಾನೆ. ಸರ್ಕಾರದ ಕಡೆಯ ವಕೀಲ ಎದ್ದ. ಒರಟನಲ್ಲ, ಮೆಲುದನಿಯವನು. ಈ ಯುವಕ ಪ್ರತಿ ಶುಕ್ರವಾರ ತಾಯಿಯ ಜೊತೆ ಮಾತಾಡುತ್ತಾನೆಂದು ಇವನೇ ಬರೆದುಕೊಟ್ಟಿದ್ದಾನೆ. ಹಾಗಿದ್ದೂ ಒಡಹುಟ್ಟಿದ ಅಣ್ಣ ಸತ್ತದ್ದು ಎರಡು ವರ್ಷಕ್ಕಿಂತ ಹೆಚ್ಚು ಕಾಲ ಗೊತ್ತಾಗಲಿಲ್ಲ ಎಂಬುದು ನಂಬುವಂತಿಲ್ಲ. ಮೊದಲೇ ಗೊತ್ತಿದ್ದ ಸಾವನ್ನು ಈಗ ತಡಕ್ಕೆ ನೆಪ ಮಾಡಿಕೊಂಡಿದ್ದಾನೆ ಎಂದ. ನ್ಯಾಯಾಧೀಶರು ನನ್ನ ಕಡೆ ತಿರುಗಿ, ನಿಮಗೆ ಒಮ್ಮೆಯೂ ಅನುಮಾನ ಬರಲಿಲ್ಲವೇ ಎಂದರು. ನನಗೆ ಹೊಳೆದ ಉತ್ತರ ಒಂದೇ. ಅಮ್ಮ ಹೇಳಿದ್ದರು ಎಂದೆ. ದುಭಾಷಿ ಅದನ್ನು ಇಂಗ್ಲಿಷಿಗೆ ತಿರುಗಿಸಿದ. ಇನ್ನೂ ಏನಾದರೂ ಇದೆಯೇನೋ ಎಂದು ಎಲ್ಲರೂ ಸ್ವಲ್ಪ ಹೊತ್ತು ನೋಡಿದರು.

ಹೊರಗೆ ಬಂದ ಮೇಲೆ ನಡೆದದ್ದನ್ನು ಹೇಳಿದರೆ ಬೋಸ್ತಾನ್‌ಗೆ ಕೋಪ ಬಂತು. "ಅದನ್ನ ನಂಬೋಕಾಗಲ್ವಂತಾ ಅವ್ನಿಗೆ? ಒಂದು ಶುಕ್ರವಾರ ನಮ್ಮ ಮಸೀದಿಗೆ ಕರ್ಕೊಂಡ್ಬಾ ಅವನ್ನ. ಸಾಲಾಗಿ ನಿಲ್ಲಿಸ್ತೀನಿ. ಯಾರ ಮನೇಲಿ ಯಾರು ಸತ್ತಿದ್ದಾರೆ ಅಂತ ಆ ಮನೆಯವನೊಬ್ಬನ್ನ ಬಿಟ್ಟು ಮಿಕ್ಕೋರೆಲ್ಲಾ ಹೇಳ್ತಾರೆ" ಎಂದ. ಅವನ ತಂದೆ ತಾಯಿ ಗಜ್ನಿಯ ಹಳ್ಳಿಯಲ್ಲಿದ್ದಾರೆ. ಆ ರಾತ್ರಿ ಅವನು ಅವರಿಗೆ ಫೋನು ಮಾಡಿ, ತಂದೆಯ ಕೈಗೇ ಕೊಡಿ, ಧ್ವನಿ ಕೇಳಿಸಿ ಎಂದು ಹಟ ಹಿಡಿದ. ಮುದುಕರು ಬಂದು, "ಏನೋ, ನಾನು ಸತ್ತಿಲ್ಲ ಕಣೋ, ಬೇಕಾದ್ರೆ ಕೆಮ್ಮಿ ತೋರಿಸ್ಲಾ?" ಎಂದು ಬೈದರು. ಅವನು ನಗುತ್ತ ಅಳುತ್ತಿದ್ದ. ನಾನು ಎದ್ದು ಅಡಿಗೆ ಮನೆಗೆ ಹೋದೆ.

ನ್ಯಾಯಾಧೀಶರು ಅರ್ಜಿಯನ್ನು ತಳ್ಳಿಹಾಕಲಿಲ್ಲ. ನನಗೆ ನಿಜವಾಗಿಯೂ ಗೊತ್ತಿರಲಿಲ್ಲ ಎಂಬುದಕ್ಕೆ ನನ್ನ ಮಾತಲ್ಲದೆ ಬೇರೆ ಪುರಾವೆ ಇದ್ದರೆ ತನ್ನಿ ಎಂದು ಸಮಯ ಕೊಟ್ಟಿದ್ದಾರೆ. ಸೆಪ್ಟೆಂಬರ್ ಹದಿನಾಲ್ಕಕ್ಕೆ ಮತ್ತೆ ಹೋಗಬೇಕು, ಅಂದೇ ತೀರ್ಮಾನ. ಹಾಜಿ ಸಫ್ದರ್ ತಾವು ಹೇಳಿದ್ದು ಯಾವ ದಿನ ಎಂದು ಬರೆದುಕೊಟ್ಟಿದ್ದಾರೆ. ಅದರಿಂದ ಅವರು ಹೇಳಿದ್ದು ಸಾಬೀತಾಗುತ್ತದೆ, ಅದಕ್ಕೆ ಮುಂಚೆ ನನಗೆ ಗೊತ್ತಿರಲಿಲ್ಲ ಎಂಬುದಲ್ಲ ಎನ್ನುತ್ತಾರೆ ಎಲೆನಿ. ಇನ್ನೇನು ಬೇಕೆಂದೂ ಅವರು ಹೇಳಿದ್ದಾರೆ. ಅದನ್ನು ಬರೆಯಲೆಂದೇ ಈ ಕಾಗದ ಶುರು ಮಾಡಿದ್ದು, ಕೈ ಬರುತ್ತಿಲ್ಲ.

ಈ ಐದು ತಿಂಗಳೂ ಶುಕ್ರವಾರದ ಫೋನಿನಲ್ಲಿ ನಾನೂ ನಿನ್ನ ಹಾಗೆಯೇ ನಟಿಸಿದೆ. ಲಾಲಾ ಸಲಾಂ ಹೇಳಿದ್ದಾನೆ ಎಂದರೆ, ಅವನಿಗೂ ಹೇಳು ಎಂದೆ. ಹಡಗಿನಲ್ಲಿ ಊಟ ಸರಿಯಿಲ್ಲವಂತೆ ಎಂದು ನೀನು ಹೇಳಿದ ದಿನ, ಸತ್ತ ಮಗನ ಊಟದ ಚಿಂತೆಯನ್ನೂ ಮಾಡುತ್ತಿದ್ದಾಳಲ್ಲ ಎಂದು ಫೋನನ್ನು ಎದೆಗೆ ಒತ್ತಿಕೊಂಡು ನಿಂತೆ. ಒಂದೊಂದು ಸಲ ನಿನಗೆ ಅದು ಬೇಕೇ ಬೇಕೇನೋ ಅನ್ನಿಸುತ್ತದೆ. ವಾರಕ್ಕೊಮ್ಮೆ ಹತ್ತು ನಿಮಿಷ, ನನ್ನ ಜೊತೆ ಮಾತಾಡುವಾಗ, ಅವನು ಬದುಕಿರುತ್ತಾನೆ. ಅದನ್ನು ಈ ಕಾಗದದಿಂದ ಕಿತ್ತುಕೊಳ್ಳುತ್ತಿದ್ದೇನೆ. ಕ್ಷಮಿಸು. ಇಷ್ಟು ದಿನ ಹೇಳದಿದ್ದುದಕ್ಕೂ ಅದೇ ಕಾರಣ.

ಅತ್ತಿಗೇ, ನಿಮಗೆ ಏನು ಬರೆಯಲಿ? ನೀವು ವಿಧವೆಯಾದದ್ದು ಗೊತ್ತಿಲ್ಲದೆ, ಅಣ್ಣ ಯಾವಾಗ ಬರುತ್ತಾನೆ, ನಿಮಗೆ ಮಸ್ಕತ್‌ನಿಂದ ಏನು ತರುತ್ತಾನೆ ಎಂದೆಲ್ಲ ರೇಗಿಸಿದ್ದೆ. ನೀವು ನಕ್ಕು, "ಚಿನ್ನದ ಬಳೆ ಹೇಳಿದ್ದೀನಿ, ನಿಮಗೂ ಒಂದು ಗಡಿಯಾರ ಹೇಳ್ಲಾ?" ಎಂದಿದ್ದಿರಿ. ಆ ನಗುವಿಗೆ ನಿಮ್ಮ ಕಾಲಿಗೆ ಬೀಳುತ್ತೇನೆ.

ಹಾಜಿ ಸಫ್ದರ್ ಇವತ್ತು ಕ್ವೆಟ್ಟಾಕ್ಕೆ ಹೊರಡುತ್ತಿದ್ದಾರೆ, ಈ ಲಕೋಟೆ ಅವರ ಕೈಯಲ್ಲೇ ಬರುತ್ತದೆ. ಅವರನ್ನು ಒಳಗೆ ಕರೆದು ಚಹಾ ಕೊಡಿ, ಒಂದು ಮಾತೂ ಅನ್ನಬೇಡಿ. ನೆರೆಹೊರೆಯವರಿಗೆಲ್ಲ ನನ್ನ ಸಲಾಂ. ದೇವರು ನಿನ್ನ ನೆರಳನ್ನು ನಮ್ಮ ತಲೆಯ ಮೇಲೆ ಬಹಳ ಕಾಲ ಇಡಲಿ ಅಮ್ಮಾ. ನಿನ್ನ ಎರಡೂ ಕೈಗಳಿಗೆ ಮುತ್ತಿಡುತ್ತೇನೆ.

ನಿನ್ನ ಮಗ,
ಮುಖ್ತಾರ್

ಲಕೋಟೆ ಅಂಟಿಸುವ ಮುಂಚೆ: ಹಾಜಿಯವರ ಕಾರು ಬಾಗಿಲಲ್ಲಿ ನಿಂತಿದೆ, ಇನ್ನು ತಪ್ಪಿಸಿಕೊಳ್ಳಲಾಗದು. ಒಳಗೆ ಇನ್ನೊಂದು ಹಾಳೆ ಇದೆ. ಮಗನ ಸಾವನ್ನು ಇನ್ನೊಬ್ಬ ಮಗನಿಂದ ಮುಚ್ಚಿಟ್ಟವಳು ನಾನೇ ಎಂದು ನಿನ್ನ ಹೆಸರಿನಲ್ಲಿ ಬರೆದಿದೆ. ಅಲ್ಲಿಯ ವಕೀಲರ ಎದುರಿಗೆ ಹೆಬ್ಬೆಟ್ಟು ಒತ್ತಬೇಕು, ಹಾಜಿಯವರು ಕರೆದುಕೊಂಡು ಹೋಗುತ್ತಾರೆ. ಅಷ್ಟೇ ಸಾಲದು. ಹದಿನಾಲ್ಕರಂದು ಕೋರ್ಟಿನಿಂದ ನಿನಗೆ ಫೋನು ಬರುತ್ತದೆ, ಆ ಮೆಲುದನಿಯ ವಕೀಲ ಪ್ರಶ್ನೆ ಕೇಳುತ್ತಾನೆ. ಮೊದಲ ಪ್ರಶ್ನೆಯೇ, ನಿಮ್ಮ ದೊಡ್ಡ ಮಗ ಏನಾದ ಎಂಬುದಂತೆ. ನೀನು ಉತ್ತರ ಹೇಳಬೇಕು, ನಾನು ಅಲ್ಲೇ ಕೂತು ಕೇಳುತ್ತಿರುತ್ತೇನೆ. ನಿನ್ನಿಂದಾಗದಿದ್ದರೆ ಬೇಡ ಅಮ್ಮಾ, ಹಾಳೆಯನ್ನು ಹಾಗೇ ಮಡಿಸಿಡು, ಅಮ್ಮನಿಗೆ ಮೈ ಸರಿಯಿಲ್ಲ ಎಂದು ಹೇಳಿ ಆದದ್ದನ್ನು ಅನುಭವಿಸುತ್ತೇನೆ. ಹೇಳುತ್ತೀಯಾದರೆ ಒಂದೇ ಬೇಡಿಕೆ. ಆ ಮಾತನ್ನು ನಿನ್ನ ಬಾಯಿಂದ ನಾನು ಮೊದಲ ಸಲ ಕೇಳುವುದು ಪರರ ಎದುರಿಗೆ ಬೇಡ. ಅದಕ್ಕೆ ಮುಂಚೆ, ಯಾವ ವಾರವಾದರೂ ಸರಿ, ನೀನೇ ಫೋನು ಮಾಡು. ನನಗೊಬ್ಬನಿಗೇ ಹೇಳು.